ಬೆಳೆ ವಿಮೆ ಕಟ್ಟಿ, ಆದರೆ ಬೆನ್ನು ಬಿಡಬೇಡಿ

ಜೂನ್ ಬಂತೆಂದರೆ ರೈತ ಸಂಪರ್ಕ ಕೇಂದ್ರದ ಎದುರು, ಗ್ರಾಮ ಒನ್ ಕೌಂಟರಿನ ಮುಂದೆ, ಊರ ಹೋಟೆಲಿನ ಬೆಂಚಿನ ಮೇಲೆ ಅದೇ ಮಾತು: ಈ ಸಲ ಬೆಳೆ ವಿಮೆ ಕಟ್ಟೋಣವೋ ಬೇಡವೋ? ಹೋದ ವರ್ಷ ಖಾತೆಗೆ ದುಡ್ಡು ಬಿದ್ದವರು ಕಟ್ಟಿ ಅನ್ನುತ್ತಾರೆ. ಬೀಳದವರು ಕಂತಿನ ದುಡ್ಡು ನೀರಿಗೆ ಹಾಕಿದ ಹಾಗೆ ಅನ್ನುತ್ತಾರೆ. ಎಷ್ಟೋ ಸಲ ಈ ಇಬ್ಬರ ಹೊಲಗಳ ನಡುವೆ ಇರುವುದು ಒಂದು ಬದು ಮಾತ್ರ. ಒಂದೇ ಊರು, ಒಂದೇ ಬೆಳೆ, ಒಂದೇ ಮಳೆ. ಹಾಗಿದ್ದೂ ಒಬ್ಬರಿಗೆ ಬಂತು, ಇನ್ನೊಬ್ಬರಿಗೆ ಇಲ್ಲ ಎಂದರೆ ವ್ಯತ್ಯಾಸ ಹೊಲದಲ್ಲಿಲ್ಲ, ದಾಖಲೆಯಲ್ಲಿದೆ.

ಈ ವಿಮರ್ಶೆ ಬರೆಯುತ್ತಿರುವುದು ಅದಕ್ಕಾಗಿಯೇ. ‘ಕರ್ನಾಟಕ ರೈತ ಸುರಕ್ಷಾ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ’ ಎಂಬ ಉದ್ದ ಹೆಸರಿನ ಈ ಸೇವೆ 2016ರ ಮುಂಗಾರಿನಿಂದ ನಡೆಯುತ್ತಿದೆ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಮಳೆ ನಂಬಿ ಬಿತ್ತುವ ರೈತರು ಇದನ್ನು ಕಟ್ಟಲೇಬೇಕು. ಇಷ್ಟು ಕಡಿಮೆ ಕಂತಿಗೆ ಇಷ್ಟು ದೊಡ್ಡ ಮೊತ್ತಕ್ಕೆ ಹೊಣೆ ಹೊರುವ ಬೇರೆ ವಿಮೆ ರೈತರಿಗೆ ಸಿಗುವುದಿಲ್ಲ. ಆದರೆ ಇದು ಗಾಡಿಯ ಇನ್ಶೂರೆನ್ಸ್ ಥರ ಕಟ್ಟಿ ಮರೆಯುವಂಥದ್ದಲ್ಲ. ಬಿತ್ತಿದ ದಿನದಿಂದ ರಾಶಿ ಮಾಡುವ ದಿನದವರೆಗೆ ನಾಲ್ಕೈದು ಸಲ ಅದರ ಕಡೆ ತಿರುಗಿ ನೋಡಬೇಕು. ನೋಡದಿದ್ದರೆ ಬೆಳೆಯೂ ಹೋಗುತ್ತದೆ, ವಿಮೆಯೂ ಹೋಗುತ್ತದೆ.

ಕಂತು ಎಷ್ಟು

ಮುಂಗಾರಿನ ಧಾನ್ಯ, ಬೇಳೆಕಾಳು, ಎಣ್ಣೆಕಾಳು ಬೆಳೆಗಳಿಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ ಶೇ 5. ಉಳಿದ ಕಂತನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ತುಂಬುತ್ತವೆ. ಬೆಳೆಯೊಂದಕ್ಕೆ ಹೆಕ್ಟೇರಿಗೆ 50,000 ರೂಪಾಯಿ ವಿಮಾ ಮೊತ್ತ ಇದೆ ಎಂದುಕೊಳ್ಳಿ. ಮುಂಗಾರಿನಲ್ಲಿ ರೈತರ ಪಾಲು ಹೆಕ್ಟೇರಿಗೆ 1,000 ರೂಪಾಯಿ. ಒಂದು ಹೆಕ್ಟೇರ್ ಎಂದರೆ 2 ಎಕರೆ 19 ಗುಂಟೆ, ಹಾಗಾಗಿ ಎಕರೆಗೆ ಬೀಳುವುದು ಸುಮಾರು 405 ರೂಪಾಯಿ. ಸರ್ಕಾರದ ಕಾಗದಗಳೆಲ್ಲ ಹೆಕ್ಟೇರ್ ಲೆಕ್ಕದಲ್ಲಿ ಇರುತ್ತವೆ, ನಮ್ಮ ಮಾತೆಲ್ಲ ಎಕರೆ-ಗುಂಟೆಯಲ್ಲಿ. ‘ಹೇಳಿದ್ದೊಂದು, ಬಂದಿದ್ದು ಅರ್ಧಕ್ಕಿಂತ ಕಡಿಮೆ’ ಎಂಬ ದೂರುಗಳಲ್ಲಿ ಕೆಲವು ಈ ಗೊಂದಲದಿಂದಲೇ ಹುಟ್ಟುತ್ತವೆ.

ಯಾವ ಊರಿನಲ್ಲಿ ಯಾವ ಬೆಳೆಗೆ ವಿಮೆ ಇದೆ, ಕಂತೆಷ್ಟು, ಕಡೆಯ ದಿನ ಯಾವುದು ಎಂಬುದನ್ನು ‘ಸಂರಕ್ಷಣೆ’ ಪೋರ್ಟಲಿನಲ್ಲಿ ವರ್ಷ ಮತ್ತು ಹಂಗಾಮು ಆರಿಸಿ ನೋಡಬಹುದು. ಈ ಪೋರ್ಟಲ್ ನಿಜಕ್ಕೂ ಚೆನ್ನಾಗಿದೆ. ಕಂತಿನ ಲೆಕ್ಕ ಹಾಕುತ್ತದೆ, ಅರ್ಜಿ ಯಾವ ಹಂತದಲ್ಲಿದೆ ಎಂದು ಕನ್ನಡದಲ್ಲೇ ತೋರಿಸುತ್ತದೆ. ಕಡೆಯ ದಿನ ಎಲ್ಲ ಬೆಳೆಗೂ ಒಂದೇ ಇರುವುದಿಲ್ಲ. ಸಾಮಾನ್ಯವಾಗಿ ಹೆಸರಿನಂಥ ಬೇಗ ಬರುವ ಬೆಳೆಗೆ ಜುಲೈ ಮಧ್ಯಕ್ಕೇ ಬಾಗಿಲು ಮುಚ್ಚುತ್ತದೆ, ಬಹುಪಾಲು ಬೆಳೆಗೆ ಜುಲೈ ಕೊನೆಗೆ, ತಡವಾಗಿ ಬಿತ್ತುವ ಕೆಲವಕ್ಕೆ ಆಗಸ್ಟ್‌ವರೆಗೂ ಸಮಯ ಇರುತ್ತದೆ. ಹೋದ ವರ್ಷದ ದಿನಾಂಕ ನೆನಪಿಟ್ಟುಕೊಂಡು ಕೂರಬೇಡಿ, ಪ್ರತಿ ಹಂಗಾಮಿನ ಅಧಿಸೂಚನೆಯೇ ಬೇರೆ.

ನೋಂದಣಿಗೆ ಬೇಕಾಗುವುದು ಫ್ರೂಟ್ಸ್ (ರೈತರ ಹೆಸರು, ಜಮೀನು ದಾಖಲಿಸುವ ರಾಜ್ಯ ಸರ್ಕಾರದ ತಂತ್ರಾಂಶ) ಗುರುತಿನ ಸಂಖ್ಯೆ, ಅಂದರೆ ಎಲ್ಲರೂ ಎಫ್‌ಐಡಿ ಎನ್ನುವುದು. ಜೊತೆಗೆ ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಹಣಿ, ಏನು ಬಿತ್ತಿದ್ದೀರಿ ಎಂಬ ಸ್ವಯಂ ಘೋಷಣೆ. ಎಫ್‌ಐಡಿಗೆ ಎಲ್ಲ ಸರ್ವೆ ನಂಬರುಗಳೂ ಸೇರಿವೆಯೇ ಎಂದು ಮೊದಲು ನೋಡಿ. ಮೂರು ಸರ್ವೆ ನಂಬರಿನಲ್ಲಿ ಜಮೀನಿದ್ದು ಎಫ್‌ಐಡಿಯಲ್ಲಿ ಎರಡೇ ಇದ್ದರೆ ಮೂರನೆಯದಕ್ಕೆ ವಿಮೆ ಕಟ್ಟಲು ಬರುವುದಿಲ್ಲ. ಅದನ್ನು ಸೇರಿಸುವ ಕೆಲಸ ರೈತ ಸಂಪರ್ಕ ಕೇಂದ್ರದಲ್ಲಿ ಆಗುತ್ತದೆ, ಆದರೆ ಕೊನೆಯ ವಾರದ ನೂಕುನುಗ್ಗಲಿನಲ್ಲಿ ಆಗುವುದಿಲ್ಲ. ಸಾಮಾನ್ಯ ಸೇವಾ ಕೇಂದ್ರದಲ್ಲಿ ನೋಂದಣಿ ಮಾಡಿಸಿದರೆ ರೈತರು ಕೊಡಬೇಕಾದ್ದು ಕಂತು ಮಾತ್ರ, ಕೇಂದ್ರದವರ ಸೇವಾ ಶುಲ್ಕವನ್ನು ವಿಮಾ ಕಂಪನಿ ಕೊಡುತ್ತದೆ.

ಕೈಗೆ ಬಂದ ರಸೀದಿಯನ್ನು ಕೌಂಟರಿನಲ್ಲಿ ನಿಂತಲ್ಲೇ ಓದಿ. ಸರ್ವೆ ನಂಬರ್, ಹಿಸ್ಸಾ, ಬೆಳೆಯ ಹೆಸರು, ಮಳೆಯಾಶ್ರಿತವೋ ನೀರಾವರಿಯೋ, ವಿಸ್ತೀರ್ಣ, ಇವಿಷ್ಟನ್ನು ಬೆರಳಿಟ್ಟು ನೋಡಬೇಕು. ‘ರಾಗಿ (ಮಳೆಯಾಶ್ರಿತ)’ ಎಂದು ಇರಬೇಕಾದಲ್ಲಿ ‘ರಾಗಿ (ನೀರಾವರಿ)’ ಎಂದು ಬಿದ್ದರೆ ಅದು ಬೇರೆಯೇ ಬೆಳೆ: ಅದರ ವಿಮಾ ಮೊತ್ತ ಬೇರೆ, ಇಳುವರಿ ಲೆಕ್ಕ ಬೇರೆ, ಪರಿಹಾರವೂ ಬೇರೆ.

ಬೆಳೆ ಸಾಲ ಇರುವವರಿಗೆ ಒಂದು ಮಾತು. 2020ರ ಮುಂಗಾರಿನಿಂದ ವಿಮೆ ಎಲ್ಲರಿಗೂ ಐಚ್ಛಿಕ. ಆದರೂ ಸಾಲಗಾರರು ಬೇಡವೆಂದರೆ ಕಡೆಯ ದಿನಕ್ಕೆ 7 ದಿನ ಮೊದಲೇ ಬ್ಯಾಂಕಿಗೆ ಬರೆದು ಕೊಡಬೇಕು, ಕೊಡದಿದ್ದರೆ ಬ್ಯಾಂಕು ಕಂತು ಕಡಿದುಕೊಳ್ಳುತ್ತದೆ. ಬ್ಯಾಂಕು ನಮೂದಿಸುವುದು ಸಾಲದ ಕಡತದಲ್ಲಿರುವ ಬೆಳೆಯನ್ನು. ತೊಗರಿಗೆಂದು ಸಾಲ ತೆಗೆದು ಈ ವರ್ಷ ಹತ್ತಿ ಹಾಕಿದ್ದರೆ, ವಿಮೆ ತೊಗರಿಯ ಮೇಲೆಯೇ ಇರುತ್ತದೆ. ಬೆಳೆ ಬದಲಾಗಿದ್ದರೆ ಕಡೆಯ ದಿನಕ್ಕೆ ಕನಿಷ್ಠ ಎರಡು ಕೆಲಸದ ದಿನ ಮೊದಲು ಬ್ಯಾಂಕಿಗೆ ತಿಳಿಸಬೇಕೆಂದು ನಿಯಮ ಇದೆ. ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬ್ಯಾಂಕಿನ ತಪ್ಪಿನಿಂದ ಪರಿಹಾರ ತಪ್ಪಿದರೆ ಆ ಹೊಣೆ ಬ್ಯಾಂಕಿನದು ಎಂದು ಮಾರ್ಗಸೂಚಿ ಹೇಳುತ್ತದೆ. ಅದನ್ನು ಸಾಬೀತು ಮಾಡಲು ಕೈಯಲ್ಲಿರುವುದು ಆ ಮುದ್ರೆಯ ಕಾಗದ ಒಂದೇ.

ದುಡ್ಡು ಯಾವ ಲೆಕ್ಕದಲ್ಲಿ ಬರುತ್ತದೆ

ಈ ಸೇವೆಯ ಬಗ್ಗೆ ಜನರಿಗಿರುವ ಸಿಟ್ಟಿನ ಮುಕ್ಕಾಲು ಪಾಲು ಇದು ತಿಳಿಯದೆ ಬಂದದ್ದು. ನಿಮ್ಮ ಹೊಲದಲ್ಲಿ ಏನಾಯಿತು ಎಂಬುದರ ಮೇಲೆ ಪರಿಹಾರ ನಿಂತಿಲ್ಲ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿ, ಉಳಿದವಕ್ಕೆ ಹೋಬಳಿ, ಅದೇ ವಿಮಾ ಘಟಕ. ಆ ಘಟಕದ ಸರಾಸರಿ ಇಳುವರಿ ಎಷ್ಟು ಬಂತು ಎಂಬುದಷ್ಟೇ ಲೆಕ್ಕ.

ಲೆಕ್ಕ ಹೀಗೆ. ಹಿಂದಿನ ಏಳು ವರ್ಷಗಳ ಇಳುವರಿಯಲ್ಲಿ ಒಳ್ಳೆಯ ಐದು ವರ್ಷಗಳದ್ದನ್ನು ತೆಗೆದುಕೊಂಡು ಸರಾಸರಿ ಮಾಡುತ್ತಾರೆ. ಅದನ್ನು ಆ ಬೆಳೆಗೆ ನಿಗದಿಯಾದ ಶೇ 70, 80 ಅಥವಾ 90ರ ಮಟ್ಟಕ್ಕೆ ಇಳಿಸುತ್ತಾರೆ. ಹೀಗೆ ಬಂದದ್ದು ‘ಪ್ರಾರಂಭಿಕ ಇಳುವರಿ’. ಈ ವರ್ಷದ ಇಳುವರಿ ಅದಕ್ಕಿಂತ ಎಷ್ಟು ಕೆಳಗಿದೆಯೋ ಅಷ್ಟು ಪಾಲು ಪರಿಹಾರ.

ಉದಾಹರಣೆಗೆ, ಪಂಚಾಯಿತಿಯೊಂದರ ರಾಗಿ ಇಳುವರಿ ಏಳು ವರ್ಷಗಳಲ್ಲಿ ಹೆಕ್ಟೇರಿಗೆ 1,400, 600, 1,500, 1,300, 900, 1,600, 1,200 ಕಿಲೋ ಇತ್ತು ಎನ್ನಿ. 600 ಮತ್ತು 900 ಬಿಟ್ಟರೆ ಉಳಿದ ಐದರ ಸರಾಸರಿ 1,400. ಶೇ 80ರ ಮಟ್ಟಕ್ಕೆ ಇಳಿಸಿದರೆ ಪ್ರಾರಂಭಿಕ ಇಳುವರಿ 1,120 ಕಿಲೋ. ಈ ವರ್ಷ 700 ಕಿಲೋ ಬಂದರೆ ಕೊರತೆ 420, ಅಂದರೆ ಶೇ 37.5. ವಿಮಾ ಮೊತ್ತ 50,000 ಇದ್ದರೆ ಹೆಕ್ಟೇರಿಗೆ 18,750 ರೂಪಾಯಿ, ಎಕರೆಗೆ ಸುಮಾರು 7,590. ಈ ವರ್ಷ 1,130 ಕಿಲೋ ಬಂದರೆ ಒಂದು ಪೈಸೆಯೂ ಇಲ್ಲ. ನಿಮ್ಮ ಹೊಲದಲ್ಲಿ ಪೂರ್ತಿ ಒಣಗಿ, ಕೆರೆ ಕೆಳಗಿನವರಿಗೆ ಚೆನ್ನಾಗಿ ಬಂದು ಸರಾಸರಿ 1,130 ಆದರೂ ಅದೇ ಉತ್ತರ. ಇದು ಈ ವಿಮೆಯ ದೊಡ್ಡ ಕೊರತೆ, ಒಪ್ಪಲೇಬೇಕು. ಆದರೆ ಬರ ಬಂದ ವರ್ಷ ಇಡೀ ಪಂಚಾಯಿತಿಯೇ ಒಣಗುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಅಂಥ ವರ್ಷಕ್ಕೆ ಈ ಸರಾಸರಿ ಲೆಕ್ಕ ರೈತರ ಪರವಾಗಿಯೇ ಕೆಲಸ ಮಾಡುತ್ತದೆ, ಮನೆಮನೆ ಸರ್ವೆಗೆ ಕಾಯಬೇಕಾಗುವುದಿಲ್ಲ.

ಸರಾಸರಿ ತೆಗೆಯುವುದು ಬೆಳೆ ಕಟಾವು ಪ್ರಯೋಗದಿಂದ. ಇದನ್ನು ಹತ್ತಿರದಿಂದ ನೋಡಿದವರು ಕಡಿಮೆ. ಪಂಚಾಯಿತಿ ಮಟ್ಟದ ಮುಖ್ಯ ಬೆಳೆಗೆ ನಾಲ್ಕು ಪ್ರಯೋಗ, ಹೋಬಳಿ ಮಟ್ಟದಲ್ಲಿ ಹತ್ತು. ಯಾರ ಹೊಲ ಎಂಬುದನ್ನು ಅಧಿಕಾರಿ ಆರಿಸುವುದಿಲ್ಲ, ಯಾದೃಚ್ಛಿಕ ಸಂಖ್ಯೆಗಳಿಂದ ಮೊದಲೇ ನಿಗದಿಯಾಗಿರುತ್ತದೆ. ಹೊಲದ ನೈಋತ್ಯ ಮೂಲೆಯಲ್ಲಿ ನಿಂತು, ಕೊಟ್ಟಿರುವ ಎರಡು ಸಂಖ್ಯೆಗಳ ಪ್ರಕಾರ ಇಷ್ಟು ಹೆಜ್ಜೆ ಉದ್ದಕ್ಕೆ, ಇಷ್ಟು ಹೆಜ್ಜೆ ಅಗಲಕ್ಕೆ ಹೋಗಿ ಗೂಟ ನೆಡುತ್ತಾರೆ. ರಾಗಿ, ಭತ್ತದಂಥ ಬೆಳೆಗೆ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕ. ಹಗ್ಗ ಬಿಗಿದು, ಒಳಗಿನ ಬೆಳೆ ಕೊಯ್ದು, ಅಲ್ಲೇ ಬಡಿದು, ತೂರಿ, ತೂಗಿ, ಮೊಬೈಲ್ ಆ್ಯಪಿನಲ್ಲಿ ಫೋಟೊ ಸಮೇತ ದಾಖಲಿಸುತ್ತಾರೆ.

ಆ ಚೌಕ 25 ಚದರ ಮೀಟರ್, ಹೆಕ್ಟೇರಿನ 400ರಲ್ಲಿ ಒಂದು ಪಾಲು. ಚೌಕದಲ್ಲಿ ಸಿಕ್ಕ ಒಂದು ಕಿಲೋ ಹೆಕ್ಟೇರಿಗೆ 400 ಕಿಲೋ ಆಗಿ ನಿಲ್ಲುತ್ತದೆ. ಮೇಲಿನ ಉದಾಹರಣೆಯಲ್ಲಿ ಪರಿಹಾರವೇ ಇಲ್ಲ ಎಂಬ ಗೆರೆ ಚೌಕಕ್ಕೆ 2.8 ಕಿಲೋ, 18,750 ರೂಪಾಯಿ ಸಿಗುವ ಗೆರೆ 1.75 ಕಿಲೋ. ಇಡೀ ಪಂಚಾಯಿತಿಯ ಪರಿಹಾರ ಒಂದು ಕಿಲೋ ಐವತ್ತು ಗ್ರಾಂ ರಾಗಿಯ ಅಂತರದಲ್ಲಿ ತೂಗುತ್ತಿರುತ್ತದೆ. ಗೂಟ ನಾಲ್ಕು ಬೆರಳು ಆಚೆ ಬಿದ್ದರೆ, ಹಗ್ಗ ಜೋತುಬಿದ್ದರೆ, ಚೌಕದ ಹೊರಗಿನ ತೆನೆ ಒಳಗೆ ಸೇರಿದರೆ, ತಕ್ಕಡಿ ಸೊನ್ನೆಗೆ ನಿಲ್ಲದಿದ್ದರೆ ಏನಾಗುತ್ತದೆಂದು ನೀವೇ ಲೆಕ್ಕ ಹಾಕಿ. ಹಸಿ ಕಾಳಿನ ತೂಕಕ್ಕೂ ಒಣಗಿದ ಮೇಲಿನ ತೂಕಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ, ಆ ಕಡಿತ ಮಾಡಿದ್ದಾರೆಯೇ ಎಂದೂ ಕೇಳಬೇಕು. ಪ್ರಯೋಗ ಯಾವ ದಿನ, ಯಾರ ಹೊಲದಲ್ಲಿ ಎಂದು ಪಂಚಾಯಿತಿಯಲ್ಲಿ, ಗ್ರಾಮ ಆಡಳಿತಾಧಿಕಾರಿಯಲ್ಲಿ ವಿಚಾರಿಸಿ ಊರಿನ ನಾಲ್ವರು ಹೋಗಿ ನಿಲ್ಲಿ. ಜಗಳಕ್ಕಲ್ಲ, ಹಗ್ಗ ಹಿಡಿಯಲು, ತಕ್ಕಡಿ ನೋಡಲು. ವಿಮಾ ಕಂಪನಿಯ ಪ್ರತಿನಿಧಿಗೂ ಹಾಜರಿರುವ ಅವಕಾಶ ಇದೆ, ಅವರು ತಮ್ಮ ಹಿತ ನೋಡಿಕೊಳ್ಳುತ್ತಾರೆ. ನಮ್ಮ ಕಡೆಯಿಂದ ಯಾರೂ ಇರದಿದ್ದರೆ ಹೇಗೆ? ಹೊಲದ ಒಡೆಯರಿಗೂ ತಿಳಿಸಿರಿ: ಪ್ರಯೋಗಕ್ಕೆ ಆಯ್ಕೆಯಾದ ಹೊಲವನ್ನು ಅಧಿಕಾರಿ ಬರುವ ಮೊದಲೇ ಕೊಯ್ದುಬಿಟ್ಟರೆ ಪ್ರಯೋಗವೇ ಕೆಡುತ್ತದೆ, ನಷ್ಟ ಎಲ್ಲರಿಗೂ.

ಭತ್ತಕ್ಕೆ 2023ರ ಮುಂಗಾರಿನಿಂದ ಉಪಗ್ರಹ ಮತ್ತಿತರ ತಂತ್ರಜ್ಞಾನದ ಅಂದಾಜಿಗೂ ಶೇ 30ರ ತೂಕ ಕೊಡುವ ಪದ್ಧತಿ ತಂದಿದ್ದಾರೆ. ತಕ್ಕಡಿಯ ಗಲಾಟೆ ಕಡಿಮೆಯಾಗಲಿ ಎಂಬ ಉದ್ದೇಶ ಒಳ್ಳೆಯದೇ.

ಬೆಳೆ ಸಮೀಕ್ಷೆ: ಹೆಚ್ಚು ಜನ ಜಾರುವುದು ಇಲ್ಲಿ

ಬದುವಿನ ಆಚೆ ಈಚೆಯ ಇಬ್ಬರು ರೈತರ ಪ್ರಶ್ನೆಗೆ ಉತ್ತರ ಹೆಚ್ಚಾಗಿ ಇಲ್ಲೇ ಸಿಗುತ್ತದೆ. ಯಾವ ಹೊಲದಲ್ಲಿ ಏನು ಬೆಳೆ ಇದೆ ಎಂದು ಸರ್ಕಾರ ಪ್ರತಿ ಹಂಗಾಮಿನಲ್ಲಿ ದಾಖಲಿಸುವುದೇ ಬೆಳೆ ಸಮೀಕ್ಷೆ. ವಿಮೆ ಕಟ್ಟಿದ ಬೆಳೆಗೂ ಅದರಲ್ಲಿ ದಾಖಲಾದ ಬೆಳೆಗೂ ತಾಳೆ ನೋಡುತ್ತಾರೆ. ತಾಳೆಯಾಗದಿದ್ದರೆ ಅರ್ಜಿ ತಿರಸ್ಕೃತ. ವಿಮೆ ಕಟ್ಟಿದ್ದು ತೊಗರಿಗೆ, ಸಮೀಕ್ಷೆಯಲ್ಲಿ ಹತ್ತಿ. ಕಟ್ಟಿದ್ದು ಮೆಕ್ಕೆಜೋಳಕ್ಕೆ, ಸಮೀಕ್ಷೆಯಲ್ಲಿ ‘ಪಾಳು’. ಇಂಥವೇ ಪಟ್ಟಿಯ ತುಂಬ ಇರುತ್ತವೆ.

ಯಾಕೆ ಹೀಗಾಗುತ್ತದೆ? ಊರಿನ ಸಮೀಕ್ಷೆ ಮಾಡುವ ಖಾಸಗಿ ನಿವಾಸಿಗಳು, ಅಂದರೆ ಪಿ.ಆರ್.ಗಳು, ಕಡಿಮೆ ದಿನದಲ್ಲಿ ನೂರಾರು ತಾಕು ಮುಗಿಸಬೇಕು. ಮಳೆ ತಡವಾಗಿ ಬಿತ್ತನೆ ಮುಂದೆ ಹೋದ ವರ್ಷ ಅವರು ಬಂದಾಗ ಹೊಲ ಖಾಲಿ ಇರುತ್ತದೆ, ಖಾಲಿ ಎಂದೇ ದಾಖಲಾಗುತ್ತದೆ. ಹಿಸ್ಸಾಗಳ ಗಡಿ ನಕ್ಷೆಯಲ್ಲಿ ಒಂದು ಥರ, ನೆಲದ ಮೇಲೆ ಒಂದು ಥರ ಇರುವಲ್ಲಿ ನಿಮ್ಮ ಬೆಳೆ ಪಕ್ಕದವರ ಹೆಸರಿಗೆ ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚು ತೊಡಕು ಮಿಶ್ರ ಬೆಳೆಯದ್ದು. ತೊಗರಿ ಸಾಲಿನ ನಡುವೆ ಹೆಸರು ಹಾಕಿದ್ದರೆ ಸಮೀಕ್ಷೆ ಸಮಯದಲ್ಲಿ ಎದ್ದು ಕಾಣುವುದು ಹೆಸರು, ತೊಗರಿ ಇನ್ನೂ ಗೇಣುದ್ದ. ಆಗ ಬರೀ ಹೆಸರು ಎಂದು ನಮೂದಾಗಿ ತೊಗರಿಯ ವಿಮೆ ಬಿದ್ದುಹೋಗುತ್ತದೆ.

ಇದಕ್ಕೆ ಮದ್ದು ಇದೆ, ಖರ್ಚೂ ಇಲ್ಲ. ‘ರೈತರ ಬೆಳೆ ಸಮೀಕ್ಷೆ’ ಆ್ಯಪ್ ಇಳಿಸಿಕೊಂಡು ಮನೆಯ ಹುಡುಗರೊಬ್ಬರು ಹೊಲಕ್ಕೆ ಹೋಗಿ ತಾವೇ ದಾಖಲಿಸಬಹುದು. ವರ್ಷ, ಹಂಗಾಮು ಆರಿಸಿ, ಸರ್ವೆ ನಂಬರ್ ಸೇರಿಸಿ, ತಾಕಿನ ಗಡಿಯ ಒಳಗೆ ನಿಂತು, ಬೆಳೆ, ವಿಸ್ತೀರ್ಣ, ನೀರಾವರಿ ವಿಧ ತುಂಬಿ, ಫೋಟೊ ತೆಗೆದು ಅಪ್‌ಲೋಡ್ ಮಾಡಬೇಕು. ಮಿಶ್ರ ಬೆಳೆಯಾದರೆ ಎರಡನ್ನೂ ಅವುಗಳ ಪಾಲಿನ ಪ್ರಕಾರ ಹಾಕಿ. ಬದುವಿನ ಮೇಲೆ ನಿಂತು ತೆಗೆದ ಫೋಟೊಗಿಂತ ಹೊಲದ ನಡುವೆ ನಿಂತು ತೆಗೆದದ್ದು ಒಳ್ಳೆಯದು, ಜಿಪಿಎಸ್ ಹತ್ತು ಮೀಟರ್ ಆಚೀಚೆ ತೋರಿಸಿದರೂ ಗಡಿ ದಾಟುವುದಿಲ್ಲ. ಫೋಟೊ ತೆಗೆಯುವಾಗ ಸಿಗ್ನಲ್ ಇರದಿದ್ದರೆ ಊರಿಗೆ ಬಂದ ಮೇಲೆ ಅಪ್‌ಲೋಡ್ ಆಗಿದೆಯೇ ಎಂದು ಮತ್ತೊಮ್ಮೆ ತೆರೆದು ನೋಡಿ. ಫೋನಿನಲ್ಲೇ ಉಳಿದುಹೋದ ಸಮೀಕ್ಷೆ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಪಿ.ಆರ್. ಮಾಡಿದ್ದರೆ ಏನು ದಾಖಲಾಗಿದೆ ಎಂದು ‘ಬೆಳೆ ದರ್ಶಕ್’ ಆ್ಯಪಿನಲ್ಲಿ ಕಾಣುತ್ತದೆ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಸಲ್ಲಿಸಬಹುದು. ಬೆಳೆ ಹೊಲದಲ್ಲಿ ನಿಂತಿರುವಾಗಲೇ ಇದು ಆಗಬೇಕು. ಕೊಯ್ದ ಮೇಲೆ ಏನು ಬೆಳೆದಿದ್ದಿರಿ ಎಂಬುದಕ್ಕೆ ಹೊಲ ಸಾಕ್ಷಿ ಹೇಳುವುದಿಲ್ಲ. ತಾಳೆಯಾಗದ ಅರ್ಜಿಗಳ ಪಟ್ಟಿಯನ್ನು ಮುಂದೆ ಗ್ರಾಮ ಪಂಚಾಯಿತಿ, ರೈತ ಸಂಪರ್ಕ ಕೇಂದ್ರಗಳ ನೋಟಿಸ್ ಬೋರ್ಡಿನಲ್ಲಿ ಹಾಕಿ ಆಕ್ಷೇಪಣೆಗೆ ಕೆಲವು ದಿನ ಕೊಡುತ್ತಾರೆ. ಆಗ ಪಹಣಿ, ಎಪಿಎಂಸಿ ಅಥವಾ ಬೆಂಬಲ ಬೆಲೆ ಕೇಂದ್ರದಲ್ಲಿ ಮಾರಿದ ರಸೀದಿ, ಇವುಗಳೊಂದಿಗೆ ಅರ್ಜಿ ಕೊಟ್ಟರೆ ಮರುಪರಿಶೀಲನೆ ಮಾಡುತ್ತಾರೆ. ಅದು ಎರಡನೆಯ ದಾರಿ. ಅದನ್ನೇ ನೆಚ್ಚಿಕೊಳ್ಳಬೇಡಿ.

72 ಗಂಟೆ

ಎಲ್ಲ ನಷ್ಟಕ್ಕೂ ಸರಾಸರಿಯೇ ಗತಿ ಎಂದಲ್ಲ. ಆಲಿಕಲ್ಲು, ಭೂಕುಸಿತ, ಮೇಘಸ್ಫೋಟ, ಸಿಡಿಲಿನಿಂದ ಹತ್ತಿದ ಬೆಂಕಿ, ನೀರು ನಿಂತು ಮುಳುಗಡೆ, ಇವು ಸ್ಥಳೀಯ ವಿಕೋಪ. ಇವಕ್ಕೆ ನಿಮ್ಮ ಹೊಲವನ್ನೇ ನೋಡಿ ಪರಿಹಾರ ಕಟ್ಟುತ್ತಾರೆ. ಕೊಯ್ದು ಹೊಲದಲ್ಲಿ ಹರಡಿದ, ಸಣ್ಣ ಕಟ್ಟು ಕಟ್ಟಿ ಒಣಗಲು ಬಿಟ್ಟ ಬೆಳೆಗೆ 14 ದಿನದೊಳಗೆ ಅಕಾಲಿಕ ಮಳೆ, ಚಂಡಮಾರುತ, ಆಲಿಕಲ್ಲಿನಿಂದ ಹಾನಿಯಾದರೂ ಹಾಗೆಯೇ. ಕಣಕ್ಕೆ ಸಾಗಿಸಿ ಬಣವೆ ಒಟ್ಟಿದರೆ ಈ ರಕ್ಷಣೆ ಇಲ್ಲ.

ಭತ್ತದ ಗದ್ದೆ ಮುಳುಗಿದರೆ ಪರಿಹಾರ ಇದೆಯೇ ಎಂಬ ಪ್ರಶ್ನೆಗೆ 2018ರಿಂದ ‘ಇಲ್ಲ’ ಎಂಬುದೇ ಉತ್ತರವಾಗಿತ್ತು. ನೀರಿನಲ್ಲೇ ಬೆಳೆಯುವ ಬೆಳೆ ಎಂಬ ಕಾರಣ ಕೊಟ್ಟು ಅದನ್ನು ಕೈಬಿಟ್ಟಿದ್ದರು. ಹೊಳೆ ದಂಡೆಯ ರೈತರಿಗೆ ಅದು ದೊಡ್ಡ ಅನ್ಯಾಯವಾಗಿತ್ತು. ಭತ್ತದ ಮುಳುಗಡೆಯನ್ನು ಮತ್ತೆ ಸೇರಿಸುವುದಾಗಿ, ಕಾಡುಪ್ರಾಣಿಗಳಿಂದಾಗುವ ಹಾನಿಯನ್ನೂ ಹೊಸದಾಗಿ ಸೇರಿಸುವುದಾಗಿ ಕೇಂದ್ರ ಸರ್ಕಾರ 2025ರ ನವೆಂಬರಿನಲ್ಲಿ ಪ್ರಕಟಿಸಿತು, 2026ರ ಮುಂಗಾರಿನಿಂದ ಜಾರಿ ಎಂದು. ಯಾವ ಪ್ರಾಣಿ, ಯಾವ ಪ್ರದೇಶ ಎಂಬುದನ್ನು ಗುರುತಿಸುವುದು ರಾಜ್ಯದ ಕೆಲಸ. ಆನೆ, ಕಾಡುಹಂದಿ ಕಾಟ ಇರುವ ಮಲೆನಾಡು ಮತ್ತು ಕಾಡಂಚಿನ ಊರಿನವರು ತಮ್ಮ ತಾಲ್ಲೂಕಿನ ಅಧಿಸೂಚನೆಯಲ್ಲಿ ಇದು ಇದೆಯೇ ಎಂದು ಓದಿ ನೋಡಿಯೇ ನೋಂದಾಯಿಸಿ.

ಇವೆಲ್ಲಕ್ಕೂ ಒಂದೇ ಷರತ್ತು: ಹಾನಿಯಾದ 72 ಗಂಟೆಯೊಳಗೆ ತಿಳಿಸಬೇಕು. ಕೃಷಿ ರಕ್ಷಕ ಸಹಾಯವಾಣಿ 14447ಕ್ಕೆ ಕರೆ ಮಾಡಬಹುದು. ಕ್ರಾಪ್ ಇನ್ಶೂರೆನ್ಸ್ ಆ್ಯಪಿನಲ್ಲಿ ಫೋಟೊ ಸಮೇತ ಹಾಕಬಹುದು. ಬ್ಯಾಂಕಿಗೆ ಅಥವಾ ಕೃಷಿ ಇಲಾಖೆಗೆ ಲಿಖಿತವಾಗಿ ಕೊಡಬಹುದು. ಸರ್ವೆ ನಂಬರ್, ಬೆಳೆ, ಹಾನಿಗೊಂಡ ವಿಸ್ತೀರ್ಣ, ಯಾವ ದಿನ ಎಷ್ಟು ಹೊತ್ತಿಗೆ ಏನಾಯಿತು, ವಿಮಾ ಅರ್ಜಿ ಸಂಖ್ಯೆ, ಇಷ್ಟು ಕೈಯಲ್ಲಿಟ್ಟುಕೊಂಡೇ ಫೋನ್ ಮಾಡಿ. ಕರೆ ಮುಗಿಯುವಾಗ ಕೊಡುವ ದೂರು ಸಂಖ್ಯೆಯನ್ನು ರಸೀದಿಯ ಹಿಂದೆಯೇ ಬರೆದುಕೊಳ್ಳಿ. ಶನಿವಾರ ರಾತ್ರಿ ಆಲಿಕಲ್ಲು ಬಿದ್ದು, ಸೋಮವಾರ ಕಚೇರಿಗೆ ಹೋಗೋಣ ಎಂದು ಕಾದು, ಅಂದು ರಜೆ ಇದ್ದು ಬುಧವಾರ ಹೋದರೆ ಗಡುವು ಮುಗಿದಿರುತ್ತದೆ.

ತಿಳಿಸಿದ 48 ಗಂಟೆಯಲ್ಲಿ ಕಂಪನಿ ಸಮೀಕ್ಷಕರನ್ನು ನೇಮಿಸಬೇಕು, ಮುಂದಿನ 10 ದಿನದಲ್ಲಿ ಹಾನಿ ಅಂದಾಜು ಮುಗಿಯಬೇಕು, ಅದಾದ 15 ದಿನದಲ್ಲಿ ಹಣ ಸಂದಾಯವಾಗಬೇಕು. ಮಾರ್ಗಸೂಚಿ ಹೇಳುವುದು ಹೀಗೆ. ಸಮೀಕ್ಷಕರು ಬರುವ ಮೊದಲೇ ಬಿದ್ದ ಬೆಳೆ ಕಿತ್ತು ಮತ್ತೊಂದು ಬಿತ್ತುವ ಅವಸರ ಸಹಜ, ಹದ ಹೋಗುತ್ತದಲ್ಲ. ಆದರೂ ಒಂದು ಭಾಗವನ್ನಾದರೂ ಹಾಗೇ ಬಿಡಿ, ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆದಿಡಿ. ಪರಿಹಾರ ಪೂರ್ತಿ ವಿಮಾ ಮೊತ್ತ ಇರುವುದಿಲ್ಲ, ಆ ಹೊತ್ತಿಗೆ ಎಷ್ಟು ಖರ್ಚಾಗಿತ್ತೋ ಆ ಪ್ರಮಾಣದಲ್ಲಿ ಇರುತ್ತದೆ. ಕೊನೆಗೆ ಘಟಕದ ಸರಾಸರಿ ಲೆಕ್ಕದಲ್ಲಿ ಹೆಚ್ಚು ಬಂದರೆ ವ್ಯತ್ಯಾಸವನ್ನೂ ಕೊಡುತ್ತಾರೆ.

ಮಳೆಯೇ ಬಾರದೆ ಘಟಕದ ಶೇ 75ಕ್ಕಿಂತ ಹೆಚ್ಚು ಪ್ರದೇಶ ಬಿತ್ತನೆಯಾಗದೆ ಉಳಿದರೆ ವಿಮಾ ಮೊತ್ತದ ಶೇ 25 ಕೊಟ್ಟು ವಿಮೆ ಅಲ್ಲಿಗೇ ಮುಗಿಯುತ್ತದೆ. ಹಂಗಾಮಿನ ನಡುವೆ ಬೆಳೆ ಒಣಗಿ, ನಿರೀಕ್ಷಿತ ಇಳುವರಿ ಪ್ರಾರಂಭಿಕ ಇಳುವರಿಯ ಅರ್ಧಕ್ಕಿಂತ ಕೆಳಗಿಳಿದರೆ ಬರಬಹುದಾದ ಪರಿಹಾರದಲ್ಲಿ ಶೇ 25ರವರೆಗೆ ಮುಂಗಡ ಕೊಡುವ ಅವಕಾಶ ಇದೆ. ಇವೆರಡಕ್ಕೂ ನೀವು ಅರ್ಜಿ ಹಾಕಬೇಕಿಲ್ಲ, ಸರ್ಕಾರ ಘೋಷಿಸಬೇಕು. ಪಂಚಾಯಿತಿ ಸದಸ್ಯರು, ಶಾಸಕರ ಮೇಲೆ ಒತ್ತಡ ತರಬೇಕಾದ ವಿಷಯ ಇದು, ಅದೂ ಕೊಯ್ಲಿಗೆ 15 ದಿನ ಇರುವುದಕ್ಕೆ ಮೊದಲೇ.

ಅಡಿಕೆ, ಮೆಣಸಿನವರಿಗೆ ಬೇರೆ ಲೆಕ್ಕ

ಅಡಿಕೆ, ಕಾಳುಮೆಣಸಿಗೆ ಇರುವುದು ಹವಾಮಾನ ಆಧಾರಿತ ವಿಮೆ. ಇಲ್ಲಿ ಕಟಾವು ಪ್ರಯೋಗವಿಲ್ಲ, ತೋಟಕ್ಕೆ ಯಾರೂ ಬರುವುದಿಲ್ಲ. ಪಂಚಾಯಿತಿಯ ಮಳೆ ಮಾಪಕ ಏನು ದಾಖಲಿಸಿತೋ ಅದೇ ಕೊನೆಯ ಮಾತು. ಇತ್ತೀಚಿನ ವರ್ಷಗಳಲ್ಲಿ ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, ಕಂತು 6,400, ಗುಂಟೆಗೆ ಸುಮಾರು 65 ರೂಪಾಯಿ. ಕಾಳುಮೆಣಸಿಗೆ ಮೊತ್ತ 47,000, ಕಂತು 2,350.

ಕೊಳೆ ರೋಗ ಬಂತು, ಎಲೆಚುಕ್ಕಿ ಬಂತು ಎಂದು ಇಲ್ಲಿ ಪರಿಹಾರ ಸಿಗುವುದಿಲ್ಲ. ರೋಗ ತರುವಷ್ಟು ಮಳೆ ಎಷ್ಟು ದಿನ ಬಿಡದೆ ಸುರಿಯಿತು ಎಂಬುದಕ್ಕೆ ಸಿಗುತ್ತದೆ. ಹಾಗಾಗಿ ಎಲ್ಲವೂ ಆ ಮಾಪಕದ ಮೇಲೆ ನಿಂತಿದೆ. ಮರದ ಕೊಂಬೆ ಅದರ ಮೇಲೆ ಚಾಚಿಕೊಂಡಿದ್ದರೆ, ಬಾಯಿಗೆ ತರಗೆಲೆ ಕಟ್ಟಿಕೊಂಡಿದ್ದರೆ, ಸೋಲಾರ್ ಫಲಕಕ್ಕೆ ಪಾಚಿ ಹಿಡಿದು ಬ್ಯಾಟರಿ ಸತ್ತಿದ್ದರೆ, ಧೋ ಎಂದು ಸುರಿದ ಮಳೆಯೂ ಕಾಗದದಲ್ಲಿ ಸೊನ್ನೆಯಾಗುತ್ತದೆ. ಮಲೆನಾಡಿನಲ್ಲಿ ಒಂದು ಗುಡ್ಡದ ಆಚೆಗೂ ಈಚೆಗೂ ಮಳೆ ಬೇರೆ ಎಂಬುದು ಬೇರೆ ಮಾತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿಗೆ 92433 45433ಕ್ಕೆ ಕರೆ ಮಾಡಿ ನಿಮ್ಮ ಪಂಚಾಯಿತಿಯಲ್ಲಿ ನಿನ್ನೆ ಎಷ್ಟು ಮಳೆ ದಾಖಲಾಗಿದೆ ಎಂದು ಕೇಳಬಹುದು. ಸೊಸೈಟಿಯ ಅಂಗಳದಲ್ಲಿ ಒಂದು ಸಾದಾ ಮಳೆ ಮಾಪಕ ಇಟ್ಟು ಬೆಳಿಗ್ಗೆ ಎಂಟೂವರೆಗೆ ಅಳೆದು ಪುಸ್ತಕದಲ್ಲಿ ಬರೆಯುತ್ತ ಬನ್ನಿ. ಎರಡು ಲೆಕ್ಕಗಳ ನಡುವೆ ದೊಡ್ಡ ಅಂತರ ಕಂಡ ದಿನವೇ ತೋಟಗಾರಿಕೆ ಇಲಾಖೆಗೆ ಬರೆದು ಕೊಡಿ. ವರ್ಷ ಕಳೆದ ಮೇಲೆ ಪ್ರತಿಭಟನೆ ಮಾಡಿ ಮಳೆಯನ್ನು ಹಿಂದಕ್ಕೆ ಸುರಿಸಲು ಆಗುವುದಿಲ್ಲ.

ಮಂಜೂರಾಗಿಯೂ ಬಾರದ ಹಣ

ಪರಿಹಾರ ನಿಗದಿಯಾಗಿದೆ, ಪೋರ್ಟಲಿನಲ್ಲಿ ಹೆಸರಿದೆ, ಖಾತೆಗೆ ಮಾತ್ರ ಬಂದಿಲ್ಲ. ಇದಕ್ಕೆ ಸಾಮಾನ್ಯ ಕಾರಣ ಆಧಾರ್ ಜೋಡಣೆ. ಹಣ ಹೋಗುವುದು ನೀವು ಕೊಟ್ಟ ಪಾಸ್‌ಬುಕ್ಕಿಗೇ ಎಂದು ತಿಳಿಯಬೇಡಿ, ಬ್ಯಾಂಕುಗಳ ನಡುವಿನ ಹಣ ಪಾವತಿ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಪಟ್ಟಿಯಲ್ಲಿ ಆಧಾರಿಗೆ ಯಾವ ಬ್ಯಾಂಕು ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಎಂದೋ ತೆರೆದು ಮರೆತ ಖಾತೆಗೆ ಹೋಗಿರಬಹುದು, ಆ ಖಾತೆ ಮುಚ್ಚಿದ್ದರೆ ಮರಳಿ ಹೋಗಿರಬಹುದು. ಬ್ಯಾಂಕಿನಲ್ಲಿ ‘ಆಧಾರ್ ಲಿಂಕ್ ಆಗಿದೆ’ ಎಂದರೆ ಸಾಲದು, ‘ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯೇ’ ಎಂದು ಕೇಳಿ. ಎರಡೂ ಬೇರೆ ಬೇರೆ. ಪಹಣಿ, ಆಧಾರ್, ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ರೀತಿ ಇರದಿದ್ದರೂ ತೊಂದರೆ.

ಅಜ್ಜನ ಹೆಸರಿನಲ್ಲೇ ಉಳಿದ ಪಹಣಿ ಇನ್ನೊಂದು ಗಂಟು. ತೀರಿಕೊಂಡವರ ಹೆಸರಿನಲ್ಲಿ ಎಫ್‌ಐಡಿ ಆಗುವುದಿಲ್ಲ, ಪೌತಿ ಖಾತೆ ಮಾಡಿಸಿಕೊಳ್ಳುವವರೆಗೆ ವಿಮೆಯ ಬಾಗಿಲು ತೆರೆಯುವುದಿಲ್ಲ. ಗುತ್ತಿಗೆಗೆ, ಕೋರಿಗೆ ಮಾಡುವವರ ಪಾಡು ಇನ್ನೂ ಕಷ್ಟ. ಯೋಜನೆಯಲ್ಲಿ ಗೇಣಿದಾರರಿಗೂ ಅವಕಾಶ ಇದೆ, ಆದರೆ ಕಾಗದ ಬೇಕು. ಭೂ ಸುಧಾರಣಾ ಕಾಯ್ದೆ ಗೇಣಿಯನ್ನೇ ನಿಷೇಧಿಸಿರುವ ನಮ್ಮ ರಾಜ್ಯದಲ್ಲಿ ಯಾವ ಜಮೀನುದಾರರು ಬರೆದು ಕೊಡುತ್ತಾರೆ? ಬೆವರು ಒಬ್ಬರದು, ಪರಿಹಾರ ಮತ್ತೊಬ್ಬರ ಖಾತೆಗೆ. ಈ ವಿಮೆಯಲ್ಲಿ ನಮಗೆ ಎಲ್ಲಕ್ಕಿಂತ ನೋವು ಕೊಡುವ ಸಂಗತಿ ಇದು, ಸದ್ಯಕ್ಕೆ ಇದಕ್ಕೆ ಹೇಳಿಕೊಡುವಂಥ ಉಪಾಯವೂ ಇಲ್ಲ. ಕೋರಿನ ಮಾತು ಆಡುವಾಗಲೇ ವಿಮೆ ಹಣ ಯಾರಿಗೆ ಎಂಬುದನ್ನು ನಾಲ್ವರೆದುರು ಆಡಿಕೊಳ್ಳುವುದೊಂದೇ.

ಇನ್ನೊಂದು ಗೊಂದಲ ಬಿಡಿಸಬೇಕು. ಬೆಳೆ ಪರಿಹಾರ ಬೇರೆ, ಬೆಳೆ ವಿಮೆ ಬೇರೆ. ವಿಪತ್ತು ಪರಿಹಾರ ನಿಧಿಯಿಂದ ಬರುವ ಬೆಳೆ ಪರಿಹಾರ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾದವರಿಗೆ, ಗರಿಷ್ಠ 2 ಹೆಕ್ಟೇರಿಗೆ: 2022–26ರ ಕೇಂದ್ರದ ಮಾನದಂಡದಲ್ಲಿ ಮಳೆಯಾಶ್ರಿತಕ್ಕೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಅದು ಬಂತೆಂದು ವಿಮೆ ತಪ್ಪುವುದಿಲ್ಲ. ಖಾತೆಗೆ ಬಿದ್ದ ಮೊತ್ತ ಯಾವುದರದ್ದು ಎಂದು ನೋಡಿಕೊಳ್ಳಿ, ಒಂದು ಬಂದಾಗ ಇನ್ನೊಂದನ್ನು ಕೇಳುವುದನ್ನು ಬಿಡಬೇಡಿ.

ಇಳುವರಿ ಅಂಕಿ ಕೈಸೇರಿದ ಮೂರು ವಾರದಲ್ಲಿ ಕಂಪನಿ ಪರಿಹಾರ ಕೊಡಬೇಕು, ತಡಮಾಡಿದರೆ ಶೇ 12ರ ಬಡ್ಡಿ ಸೇರಿಸಬೇಕು. ಆದರೂ ಮುಂಗಾರಿನ ಹಣ ಮುಂದಿನ ಬಿತ್ತನೆಯ ಹೊತ್ತಿಗೆ ಬಂದರೆ ಬೇಗ ಬಂತು ಎನ್ನುವ ಪರಿಸ್ಥಿತಿ ಇದೆ. ಆ ಬಡ್ಡಿಯನ್ನು ಕೇಳಲು ದಾಖಲೆ ಬೇಕು. ಮೊದಲು 14447ರಲ್ಲಿ ದೂರು ಕೊಟ್ಟು ಸಂಖ್ಯೆ ಪಡೆಯಿರಿ. ಉತ್ತರ ಬಾರದಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಕುಂದುಕೊರತೆ ಸಮಿತಿಗೆ, ಜಂಟಿ ಕೃಷಿ ನಿರ್ದೇಶಕರ ಕಚೇರಿಯ ಮೂಲಕ, ಅರ್ಜಿ ಸಂಖ್ಯೆ, ದೂರು ಸಂಖ್ಯೆ, ಸಮೀಕ್ಷೆಯ ಚಿತ್ರ, ಎನ್‌ಪಿಸಿಐ ಸ್ಥಿತಿಯ ಪ್ರತಿ ಲಗತ್ತಿಸಿ ಕೊಡಿ. ಒಬ್ಬರೇ ಹೋಗುವುದಕ್ಕಿಂತ ಒಂದೇ ಪಂಚಾಯಿತಿಯ ಹತ್ತಿಪ್ಪತ್ತು ಮಂದಿ ಸರ್ವೆ ನಂಬರುಗಳ ಒಂದೇ ಪಟ್ಟಿ ಮಾಡಿಕೊಂಡು ಹೋಗಿ. ಒಂದು ಅರ್ಜಿಯನ್ನು ಬದಿಗಿಡುವುದು ಸುಲಭ. ಒಂದೇ ಊರಿನ ಇಪ್ಪತ್ತು ತಿರಸ್ಕೃತ ಅರ್ಜಿಗಳಲ್ಲಿ ಒಂದೇ ತಪ್ಪು ಕಂಡರೆ ಸಮೀಕ್ಷೆಯನ್ನೇ ಮರುಪರಿಶೀಲಿಸಿ ಎಂದು ಕೇಳಲು ಅದು ಗಟ್ಟಿ ಆಧಾರ.